ಏಜಾಕ್ಸನ ಕತ್ತಿ

ದುರಂತ ನಾಯಕ ಎಂದೊಡನೆ ಪಾಠದ ಕೋಣೆಯಲ್ಲಿ ಒಂದು ಸಿದ್ಧ ವಿವರಣೆ ಬರುತ್ತದೆ: ದೊಡ್ಡ ಮನುಷ್ಯ, ಅವನಲ್ಲೊಂದು ದೋಷ, ಅದರಿಂದ ಪತನ. ಆ ದೋಷವೊಂದಿಲ್ಲದಿದ್ದರೆ ಅವನು ಉಳಿಯುತ್ತಿದ್ದ ಎಂಬ ನಂಬಿಕೆ ಇದರ ಹಿಂದಿದೆ. ಸೋಫೊಕ್ಲಿಸನ ‘ಏಜಾಕ್ಸ್’ ಈ ಲೆಕ್ಕಕ್ಕೆ ಸಿಗುವುದಿಲ್ಲ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿಗೆ ಏಜಾಕ್ಸ್ ಬರಿಯ ಕಥೆಯ ವೀರನಲ್ಲ, ಪೂಜೆಗೊಳ್ಳುತ್ತಿದ್ದವನು. ಕ್ಲೈಸ್ಥೆನೀಸ್ ನಾಗರಿಕರನ್ನು 10 ಪಂಗಡಗಳಾಗಿ ವಿಂಗಡಿಸಿದಾಗ ಒಂದಕ್ಕೆ ಅವನ ಹೆಸರು ಬಂತು, ಕ್ರಿ.ಪೂ. 480ರ ಸಲಾಮಿಸ್ ಕಡಲಕಾಳಗಕ್ಕೆ ಮುನ್ನ ಗ್ರೀಕರು ಅವನನ್ನು ನೆರವಿಗೆ ಕರೆದರೆಂದು ಹೆರೊಡೊಟಸ್ ಬರೆದಿದ್ದಾನೆ. ಆ ಜನರೆದುರಿಗೇ ಸೋಫೊಕ್ಲಿಸ್ ಅವನನ್ನು ಕಡಿದುಬಿದ್ದ ದನಕುರಿಗಳ ನಡುವೆ ಕೂರಿಸಿ ತೋರಿಸಿದ.

ಟ್ರಾಯ್ ಯುದ್ಧದಲ್ಲಿ ಮಡಿದ ಅಕಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಯೂಸನ ಪಾಲಾದಾಗ ಏಜಾಕ್ಸ್ ರಾತ್ರೋರಾತ್ರಿ ಸೇನಾನಿಗಳನ್ನು ಕೊಲ್ಲಹೊರಟ. ಅಥೀನಾ ಅವನ ಕಣ್ಣಿಗೆ ಮಂಕು ಕವಿಸಿದಳು. ದನಕುರಿಗಳೇ ಹಗೆಗಳಾಗಿ ಕಂಡವು. ಹಾಗಾದರೆ ಎಲ್ಲವೂ ದೇವತೆಯ ಆಟವಲ್ಲವೇ ಎಂದು ಕೇಳಬಹುದು. ಅವಳು ತಿರುಗಿಸಿದ್ದು ಏಟಿನ ಗುರಿಯನ್ನಷ್ಟೆ; ಕೊಲ್ಲುವ ಸಂಕಲ್ಪ ಅವನದೇ. ಯುದ್ಧಕ್ಕೆ ಹೊರಡುವಾಗ, ದೇವರ ನೆರವಿನಿಂದ ಗೆದ್ದು ಬಾ ಎಂದು ಹರಸಿದ ತಂದೆಗೆ, ಹಾಗೆ ಕೈಲಾಗದವನೂ ಗೆದ್ದಾನು, ನನಗದು ಬೇಡ ಎಂಬರ್ಥದ ಉತ್ತರ ಕೊಟ್ಟವನು ಅವನು. ಸೊಕ್ಕೇನೋ ನಿಜ. ಆದರೆ ಟ್ರಾಯ್‌ನ ವೀರ ಹೆಕ್ಟರನೆದುರು ಅವನನ್ನು ಒಂಟಿಯಾಗಿ ನಿಲ್ಲಿಸಿದ್ದೂ, ಬೆಂಕಿಗೆ ತುತ್ತಾಗಲಿದ್ದ ಹಡಗುಗಳ ಕಾವಲಿಗೆ ಹಚ್ಚಿದ್ದೂ ಅದೇ ಸೊಕ್ಕು. ಒಂದನ್ನು ಕಿತ್ತರೆ ಇನ್ನೊಂದೂ ಬೇರುಸಮೇತ ಬರುತ್ತದೆ. ಮಂಕು ಹರಿದ ಮೇಲೆ, ಸಂಗಾತಿ ತೆಕ್ಮೆಸ್ಸಾ ಮಗುವನ್ನು ನೆನಪಿಸಿ ಬೇಡಿಕೊಂಡರೂ ಕೇಳದೆ, ಅವನು ಕಡಲ ದಂಡೆಯಲ್ಲಿ ಕತ್ತಿಯ ಹಿಡಿಯನ್ನು ನೆಲಕ್ಕೆ ಹೂತು ಅಲಗಿನ ಮೇಲೆ ಬೀಳುತ್ತಾನೆ. ಆ ಕತ್ತಿ, ಅಂದಿನ ದ್ವಂದ್ವಯುದ್ಧ ಮುಗಿದಾಗ ಹೆಕ್ಟರ್ ಮೆಚ್ಚಿ ಕೊಟ್ಟ ಉಡುಗೊರೆ. ಹಿರಿಮೆಗೆ ಸಾಕ್ಷಿಯಾಗಿದ್ದದ್ದೇ ಎದೆಗೆ ನಾಟಿತು.

ಮುಂದಿನ ಶತಮಾನದಲ್ಲಿ ಅರಿಸ್ಟಾಟಲ್ ನಾಯಕನ ಪತನಕ್ಕೆ ಕಾರಣ ‘ಹಮಾರ್ತಿಯಾ’ ಎಂದ. ಈ ಪದದ ಬೇರಿನಲ್ಲಿರುವುದು ಗುರಿ ತಪ್ಪುವುದು ಎಂಬ ಅರ್ಥ. ಅದನ್ನು ಪಾಪ ಎಂದು ಓದಿದರೆ ದುರಂತ ನೀತಿಪಾಠವಾಗುತ್ತದೆ. ಏಜಾಕ್ಸ್ ಪಾಪಿಯಷ್ಟೇ ಆಗಿದ್ದರೆ, ಅವನ ಹೆಣಕ್ಕೆ ಸಂಸ್ಕಾರ ಸಲ್ಲಲೇಬೇಕೆಂದು ಹಗೆಯಾದ ಒಡಿಸ್ಯೂಸನೇ ವಾದಿಸುತ್ತಿರಲಿಲ್ಲ. ಬಿ.ಎಂ.ಶ್ರೀಯವರು 1929ರಲ್ಲಿ ಈ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ತಂದಾಗ ಎದ್ದ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಚಿರಂಜೀವಿಯನ್ನು ಸಾಯಿಸಬಹುದೇ ಎಂಬುದು ಪ್ರಶ್ನೆ. ಪುರಾಣದ ಅಶ್ವತ್ಥಾಮನಿಗೆ ಸಾವಿಲ್ಲದ ಅಲೆದಾಟವೇ ಶಿಕ್ಷೆ. ಅದನ್ನು ವಿಧಿಸಿದವನು ಕೃಷ್ಣ. ದುರಂತ ನಾಯಕ ಬೇರೆಯವರು ವಿಧಿಸಿದ್ದನ್ನು ಅನುಭವಿಸುತ್ತ ಉಳಿಯುವವನಲ್ಲ. ಶ್ರೀಯವರು ಅವನಿಂದ ಚಿರಂಜೀವಿತ್ವವನ್ನು ಕಸಿದು, ತನ್ನ ಕೊನೆಯನ್ನು ತಾನೇ ತೀರ್ಮಾನಿಸುವ ಹಕ್ಕನ್ನು ಕೊಟ್ಟರು.