ನೈಟ್ರಿಕ್ ಆಕ್ಸೈಡ್: ಒಂದು ಅನಿಲದ ಚರಿತ್ರೆ

ಅರಸರ ಚರಿತ್ರೆಯನ್ನೂ ಕಾಳಗಗಳ ಚರಿತ್ರೆಯನ್ನೂ ನೀವು ಬೇಕಾದಷ್ಟು ಕೇಳಿದ್ದೀರಿ. ಇಂದು ನಾನು ಹೇಳಹೊರಟಿರುವುದು ಒಂದು ಅನಿಲದ ಚರಿತ್ರೆಯನ್ನು. ಕನ್ನಡದ ಪಾಠ ಹೇಳಿಕೊಂಡಿದ್ದವನಿಗೆ ರಸಾಯನಶಾಸ್ತ್ರದ ಗೊಡವೆಯೇಕೆಂದು ನೀವು ಕೇಳಬಹುದು. ಎದೆನೋವು ಬಂದಾಗ ನಾಲಿಗೆಯ ಕೆಳಗಿಟ್ಟುಕೊಳ್ಳುವ ಗುಳಿಗೆಯೊಂದು ಕೆಲವು ವರ್ಷಗಳಿಂದ ನನ್ನ ಜೇಬಿನಲ್ಲಿದೆ. ಅದು ನೋವನ್ನು ಹೇಗೆ ತಣಿಸುತ್ತದೆಂಬ ಕುತೂಹಲವೇ ನನ್ನನ್ನು ಈ ದಾರಿಗೆ ಹಚ್ಚಿತು.

ಸಾರಜನಕದ ಒಂದು ಪರಮಾಣು, ಆಮ್ಲಜನಕದ ಒಂದು ಪರಮಾಣು. ನೈಟ್ರಿಕ್ ಆಕ್ಸೈಡ್ ಎಂದರೆ ಇಷ್ಟೆ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್‌ಲಿ 1772ರಲ್ಲಿ ಇದನ್ನು ವರ್ಣಿಸಿದನು. ನಗೆ ಅನಿಲವೆಂದು ಪ್ರಸಿದ್ಧವಾದದ್ದು ಇದರ ದಾಯಾದಿ, ಇದಲ್ಲ. ಗಾಳಿ ತಗುಲಿದೊಡನೆ ಇದು ಕಂದುಬಣ್ಣದ ವಿಷದ ಹೊಗೆಯಾಗುತ್ತದೆ. ವಾಹನಗಳ ಹೊಗೆಯಲ್ಲಿಯೂ ಇದುಂಟು. ಇಂಥ ಪದಾರ್ಥವನ್ನು ನಮ್ಮ ದೇಹವೇ ತಯಾರಿಸಿ ಬಳಸುತ್ತದೆಂದು ಇನ್ನೂರು ವರ್ಷಗಳ ಕಾಲ ಯಾರೂ ಎಣಿಸಲಿಲ್ಲ.

ಆದರೆ ಅದರ ಉಪಕಾರ ಮಾತ್ರ ಗುಟ್ಟಾಗಿ ನಡೆದೇ ಇತ್ತು. 1847ರಲ್ಲಿ ಇಟಲಿಯ ಸೊಬ್ರೆರೊ ನೈಟ್ರೊಗ್ಲಿಸರಿನ್ನನ್ನು ತಯಾರಿಸಿ, ನಾಲಿಗೆಗೆ ಸೋಕಿಸಿಕೊಂಡು, ತಲೆಸಿಡಿತವನ್ನು ಅನುಭವಿಸಿದನು. ಆಲ್ಫ್ರೆಡ್ ನೊಬೆಲ್ ಅದೇ ದ್ರವವನ್ನು ಪಳಗಿಸಿ 1867ರಲ್ಲಿ ಡೈನಮೈಟ್ ಮಾಡಿದನು. ಸಿಡಿಮದ್ದಿನ ಕಾರ್ಖಾನೆಗಳಲ್ಲಿ ಭಾನುವಾರದ ವಿರಾಮ ಮುಗಿಸಿ ಸೋಮವಾರ ಕೆಲಸಕ್ಕೆ ಬಂದವರಿಗೆ ತಲೆನೋವು ಕಾಯ್ದಿರುತ್ತಿತ್ತು. ಎದೆನೋವಿನ ರೋಗಿಗಳಿಗಾದರೋ ಕೆಲಸದ ದಿನಗಳೇ ಹಿತವಾಗಿದ್ದವು. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಇದನ್ನು ಹೃದಯಶೂಲೆಗೆ ಔಷಧವೆಂದು ಪ್ರಕಟಿಸಿದನು. 1896ರಲ್ಲಿ, ಸಾವಿಗೆ ಕೆಲವೇ ವಾರಗಳ ಹಿಂದೆ, ವೈದ್ಯರು ನೊಬೆಲ್ಲನಿಗೇ ಈ ಮದ್ದನ್ನು ಬರೆದುಕೊಟ್ಟರು. ವಿಧಿಯ ಈ ಕುಚೋದ್ಯವನ್ನು ಆತ ಕಾಗದದಲ್ಲಿ ತೋಡಿಕೊಂಡಿದ್ದಾನೆ.

ಮದ್ದು ಕೆಲಸ ಮಾಡುತ್ತಿತ್ತು, ಏಕೆಂದು ತಿಳಿದಿರಲಿಲ್ಲ. 1977ರಲ್ಲಿ ಅಮೆರಿಕದ ಫೆರಿಡ್ ಮುರಾದ್, ಇಂಥ ಔಷಧಗಳು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ಒಂದು ಕಿಣ್ವವನ್ನು ಎಚ್ಚರಿಸುತ್ತವೆಂದು ತೋರಿಸಿದರು. ಅದೇ ಕಾಲದಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬವರು ನ್ಯೂಯಾರ್ಕಿನಲ್ಲಿ ಮೊಲದ ರಕ್ತನಾಳಗಳನ್ನು ಪರೀಕ್ಷಿಸುತ್ತಿದ್ದರು. ಸಹಾಯಕರೊಬ್ಬರು ಪ್ರಯೋಗದ ಕ್ರಮವನ್ನು ತಪ್ಪಿಸಿದಾಗ, ಬಿಗಿಯಬೇಕಾಗಿದ್ದ ನಾಳ ಸಡಿಲವಾಯಿತು. ಬೇರೊಬ್ಬರಾಗಿದ್ದರೆ ಗದರಿ ಸುಮ್ಮನಾಗುತ್ತಿದ್ದರು. ಇವರು ಕಾರಣವನ್ನು ಹುಡುಕಿದರು. ಹಿಂದೆಲ್ಲ ನಾಳವನ್ನು ಸಿದ್ಧಗೊಳಿಸುವಾಗ ಅದರ ಒಳಪೊರೆ ಉಜ್ಜಿಹೋಗುತ್ತಿತ್ತು, ಈ ಬಾರಿ ಉಳಿದಿತ್ತು. ಒಳಪೊರೆಯೇ ಏನನ್ನೋ ಹೊರಸೂಸಿ ನಾಳವನ್ನು ಸಡಿಲಿಸುತ್ತದೆಂದು 1980ರಲ್ಲಿ ಪ್ರಕಟಿಸಿದರು. ಆ ‘ಏನೋ’ ನೈಟ್ರಿಕ್ ಆಕ್ಸೈಡೇ ಎಂಬುದು 1987ರಲ್ಲಿ ಸ್ಥಿರಪಟ್ಟಿತು. 1998ರ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ಬಂತು. ಲಂಡನ್ನಿನ ಪ್ರಯೋಗಶಾಲೆಯಿಂದ ಬಲವಾದ ರುಜುವಾತು ಒದಗಿಸಿದ್ದ ಸಾಲ್ವಡಾರ್ ಮೊಂಕಾಡ ಹೊರಗುಳಿದರು. ಮೂವರಿಗಿಂತ ಹೆಚ್ಚು ಮಂದಿಗೆ ಹಂಚುವಂತಿಲ್ಲವೆಂಬುದು ಆ ಪ್ರಶಸ್ತಿಯ ನಿಯಮ. ನಿಯಮ ನ್ಯಾಯವಾಗಿದ್ದರೂ ಫಲ ನ್ಯಾಯವಾಯಿತೆಂದು ನನಗೆ ತೋರುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಿತೆಂದೇ ಹಲವರು ತಿಳಿದರು. ಆದರೆ 1992ರಲ್ಲಿ ಜೊನಾಥನ್ ಸ್ಟ್ಯಾಮ್ಲರ್ ಮತ್ತು ಸಂಗಡಿಗರು ಇನ್ನೊಂದು ಬಾಗಿಲನ್ನು ತೋರಿಸಿದ್ದರು. ಪ್ರೋಟೀನುಗಳಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲವುಂಟು, ಅದರ ತುದಿಯಲ್ಲಿ ಗಂಧಕವುಂಟು. ನೈಟ್ರಿಕ್ ಆಕ್ಸೈಡ್ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ರೂಪದಲ್ಲಿ ಈ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಇದಕ್ಕೆ ಎಸ್-ನೈಟ್ರೊಸೈಲೇಷನ್ ಎಂದು ಹೆಸರು. ವ್ಯಾಕರಣದವನಾದ ನನಗೆ ಇದು ಉಪಸರ್ಗದ ವ್ಯವಹಾರದಂತೆ ಕಾಣುತ್ತದೆ. ‘ನ್ಯಾಯ’ದ ಮುಂದೆ ಒಂದು ಅಕಾರ ಬಂದು ನಿಂತರೆ ಸಾಕು, ಅರ್ಥ ತಿರುಗಿಬಿಡುತ್ತದೆ. ಹಾಗೆಯೇ ಎರಡು ಪರಮಾಣು ಬಂದು ಕುಳಿತರೆ ಕಿಣ್ವವೊಂದು ಕೆಲಸ ನಿಲ್ಲಿಸಬಹುದು, ಇನ್ನೊಂದು ಚುರುಕಾಗಬಹುದು. ಎಲ್ಲ ಗಂಧಕಕ್ಕೂ ಅದು ಅಂಟುವುದಿಲ್ಲ. ನೆರೆಹೊರೆಯ ಅಮೈನೊ ಆಮ್ಲಗಳು ಅನುಕೂಲವಾಗಿರಬೇಕು. ಅಂಟಿದ್ದನ್ನು ಬಿಡಿಸುವುದಕ್ಕೂ ಜೀವಕೋಶದಲ್ಲಿ ಬೇರೆ ಕಿಣ್ವಗಳಿವೆ.

ಬಿಡಿಸುವ ಕೆಲಸ ಹಿಂದೆಬಿದ್ದರೆ? ಕೆಟ್ಟ ಪ್ರೋಟೀನುಗಳನ್ನು ವಿಲೇವಾರಿಗೆ ಗುರುತು ಹಾಕುವ ಪಾರ್ಕಿನ್ ಎಂಬುದೊಂದು ಮಿದುಳಿನಲ್ಲಿದೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಅದಕ್ಕೇ ನೈಟ್ರಿಕ್ ಆಕ್ಸೈಡ್ ಅಂಟಿಕೊಂಡಿರುವುದು 2004ರಲ್ಲಿ ಕಂಡುಬಂತು.

ಎಲ್ಲವೂ ಒಪ್ಪಿತವಾಗಿದೆಯೆಂದಲ್ಲ. ರಕ್ತದ ಹಿಮೊಗ್ಲೋಬಿನ್ ಕೂಡ ತನ್ನ ಒಂದು ಸಿಸ್ಟೀನಿನಲ್ಲಿ ಈ ಅನಿಲವನ್ನು ಹೊತ್ತೊಯ್ದು, ಆಮ್ಲಜನಕ ಕಡಮೆಯಿರುವ ಕಡೆ ಇಳಿಸಿ ನಾಳಗಳನ್ನು ತೆರೆಯುತ್ತದೆಂದು ಸ್ಟ್ಯಾಮ್ಲರ್ ಬಳಗ 1996ರಲ್ಲಿ ಸಾರಿತು. ಆ ಸಿಸ್ಟೀನನ್ನೇ ತೆಗೆದುಹಾಕಿದ ಇಲಿಗಳ ರಕ್ತಕಣಗಳೂ ನಾಳಗಳನ್ನು ಎಂದಿನಂತೆ ತೆರೆದವೆಂದು 2008ರಲ್ಲಿ ಎದುರು ಪಕ್ಷ ಉತ್ತರ ಕೊಟ್ಟಿತು. ಅಂಥ ಇಲಿಗಳ ಅಂಗಾಂಶಗಳಿಗೆ ಆಮ್ಲಜನಕ ಸಾಲದೆಂದು 2015ರಲ್ಲಿ ಸ್ಟ್ಯಾಮ್ಲರ್ ಬಳಗ ಮರುನುಡಿಯಿತು. ಎರಡು ಪಕ್ಷಗಳೂ ಸಾಕ್ಷಿಗೆ ಕರೆದದ್ದು ಇಲಿಗಳನ್ನೇ.