ಮುಂದಿನ ಮಾಡೆಲ್ ಎಷ್ಟು ಫಾಸ್ಟ್? ನಮ್ಮದೇ ಸಿಂಪ್ಯೂಟರ್ ಕಥೆ (ಭಾಗ 3)

ಕ್ಲಾಸ್ ಗ್ರೂಪಲ್ಲಿ ವಾರದಿಂದ ಒಂದೇ ಮಾತು. ಆಪಲ್ ಮುಂದಿನ ಚಿಪ್ ಎಷ್ಟು ಪರ್ಸೆಂಟ್ ಫಾಸ್ಟ್ ಬರುತ್ತೆ, ಲ್ಯಾಪ್‌ಟಾಪ್ ಈಗ ತಗೊಳ್ಳೋದಾ, ಕಾಯೋದಾ ಅಂತ. ಕಾಯ್ರಪ್ಪಾ, ಬೇಡ ಅನ್ನಲ್ಲ. ಅಷ್ಟರಲ್ಲಿ ಇದನ್ನ ಓದ್ರಿ. ಕರ್ನಾಟಕದಲ್ಲೇ ಹುಟ್ಟಿದ ಒಂದು ಕಂಪ್ಯೂಟರಿಗೂ ಇದೇ ಪ್ರಶ್ನೆ ಎದುರಾಗಿತ್ತು.

1998. ದಾವಣಗೆರೆ ಜಿಲ್ಲೆಯಾಗಿ ಒಂದು ವರ್ಷ ಆಗಿತ್ತಷ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಹಳ್ಳಿ ಜನರಿಗೆ ಕಡಿಮೆ ಬೆಲೆಯ ಕಂಪ್ಯೂಟರ್ ಮಾಡೋ ಯೋಚನೆ ಹಾಕಿದರು. ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ವಿನಯ್ ದೇಶಪಾಂಡೆ ಅವರಲ್ಲಿ ಮುಖ್ಯರು. ಅಂಗೈಯಲ್ಲಿ ಹಿಡಿಯೋ ಸಾಧನ, ಮುಟ್ಟಿದರೆ ಕೆಲಸ ಮಾಡೋ ಪರದೆ, ಒಳಗೆ ಲಿನಕ್ಸ್. ಓದಲು ಬಾರದವರಿಗೆ ಕನ್ನಡದಲ್ಲೇ ಓದಿ ಹೇಳಬೇಕು ಅನ್ನೋದು ಆಸೆ. ಮಾದರಿ 2001ರಲ್ಲಿ ಹೊರಬಂತು. ಗುರಿ ಇಟ್ಟ ಬೆಲೆ ಸುಮಾರು 9 ಸಾವಿರ ರೂಪಾಯಿ.

ಈಗ ಸ್ಪೀಡ್ ವಿಷಯಕ್ಕೆ ಬರೋಣ. ಅದರ ಪ್ರೊಸೆಸರ್ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್, 206 ಮೆಗಾಹರ್ಟ್ಸ್. ಮೆಮೊರಿ 32 ಎಂಬಿ. ನಗಬೇಡ್ರಿ. 2000ದಲ್ಲಿ ಬಂದ ಕಾಂಪ್ಯಾಕ್ ಐಪ್ಯಾಕ್‌ನಲ್ಲೂ ಇದೇ ಚಿಪ್, ಇದೇ 206 ಇತ್ತು. ಅಂದ್ರೆ ಅಮೆರಿಕದ ದುಬಾರಿ ಪಿಡಿಎ ಜೊತೆ ನಮ್ಮದು ಸರಿಸಮ ನಿಂತಿತ್ತು!

ಆದರೆ 2002ಕ್ಕೆ ಇಂಟೆಲ್ ಎಕ್ಸ್‌ಸ್ಕೇಲ್ ತಂತು, 400 ಮೆಗಾಹರ್ಟ್ಸ್. ಐಪ್ಯಾಕ್ ಅದಕ್ಕೆ ಹಾರಿತು. ಸಿಂಪ್ಯೂಟರಿನ ಮಾರುಕಟ್ಟೆ ಮಾದರಿ ‘ಅಮಿಡಾ’ 2004ರ ಏಪ್ರಿಲ್‌ನಲ್ಲಿ ಬಂತು. ಪಿಕೋಪೇಟಾ ವಿನ್ಯಾಸ, ಬಿಇಎಲ್ ತಯಾರಿಕೆ, ಬೆಲೆ ಹತ್ತು ಸಾವಿರದ ಹತ್ತಿರದಿಂದ ಶುರು. ಮೆಮೊರಿ ಹೆಚ್ಚಿತ್ತು, ಬಣ್ಣದ ಪರದೆಯ ಮಾಡೆಲ್ ಕೂಡ ಇತ್ತು. ಚಿಪ್ ಮಾತ್ರ ಅದೇ 206.

ಯಾಕೆ ಬದಲಿಸಲಿಲ್ಲ ಅಂತ ಕೇಳೋದು ಸುಲಭ. ಚಿಪ್ ಬದಲಾದ್ರೆ ಬೋರ್ಡ್ ಮತ್ತೆ ಬಿಡಿಸಬೇಕು, ಲಿನಕ್ಸ್ ಮತ್ತೆ ಕೂರಿಸಬೇಕು, ಬ್ಯಾಟರಿ ಲೆಕ್ಕ ಮತ್ತೆ ಹಾಕಬೇಕು. ಲಕ್ಷಗಟ್ಟಲೆ ಮಾರೋರಿಗೆ ಆ ಖರ್ಚು ಹಂಚಿಹೋಗುತ್ತೆ. ಸಾವಿರಗಳಲ್ಲಿ ಮಾರೋರಿಗೆ ಅದು ಕತ್ತಿಗೆ ಬರುತ್ತೆ. ನಮ್ಮ ಹರಿಹರವನ್ನೇ ನೋಡ್ರಿ: 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡ್ತಿತ್ತು. ಕಾರ್ಖಾನೆ ಮುಚ್ಚಿತು, ಅಲ್ಲಿಂದ ಹೋದ ಲೇತ್‌ಗಳು ಇನ್ನೂ ತಿರುಗ್ತಾ ಇವೆ. ಲೇತಿಗೆ ಎರಡೇ ವರ್ಷಕ್ಕೆ ವಯಸ್ಸಾಗಲ್ಲ. ಕಂಪ್ಯೂಟರಿಗೆ ಆಗುತ್ತೆ.

ಸರಿ, 400 ಹಾಕಿದ್ರೆ ಗೆಲ್ತಿತ್ತಾ? ಕನ್ನಡ ಓದಿ ಹೇಳೋ ಕೆಲಸ ಸಲೀಸಾಗ್ತಿತ್ತು, ಅದು ನಿಜ. ಸ್ಟ್ರಾಂಗ್‌ಆರ್ಮ್‌ನಲ್ಲಿ ದಶಮಾಂಶದ ಲೆಕ್ಕಕ್ಕೆ ಪ್ರತ್ಯೇಕ ಘಟಕವೇ ಇರಲಿಲ್ಲ. ಧ್ವನಿಯಂಥ ಕೆಲಸಕ್ಕೆ ಸಾಫ್ಟ್‌ವೇರ್ ಸರ್ಕಸ್ ಮಾಡಬೇಕಿತ್ತು. ಆದ್ರೂ ಗೆಲ್ತಿರಲಿಲ್ಲ ಅನ್ನೋದೇ ನನ್ನ ಲೆಕ್ಕ. 2003ರಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಮೊಬೈಲ್ ಕೊಡೋಕೆ ಶುರು ಮಾಡಿತು. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ರೇಟು ತಿಳಿಯೋಕೆ ಒಂದು ಫೋನ್ ಸಾಕು. ಪಹಣಿ ಬೇಕಾದ್ರೆ ಭೂಮಿ ಯೋಜನೆಯಿಂದ ತಾಲ್ಲೂಕು ಕೇಂದ್ರದಲ್ಲೇ 15 ರೂಪಾಯಿಗೆ ಸಿಗ್ತಿತ್ತು. ಹತ್ತು ಸಾವಿರ ಕೊಡೋ ರೈತ ಯಾರು?

ಮೊದಲ ವರ್ಷಕ್ಕೆ 50 ಸಾವಿರ ಮಾರುವ ನಿರೀಕ್ಷೆ ಇತ್ತು. 2005ರ ಹೊತ್ತಿಗೆ ಮಾರಾಟವಾಗಿದ್ದು ಸುಮಾರು 4 ಸಾವಿರ.

ಇನ್ನೊಂದು ಮಾತು. ಅಮಿಡಾದ ಒಳಗೆ ಆಕ್ಸೆಲೆರೋಮೀಟರ್ ಇತ್ತು, ಕೈಯಲ್ಲಿ ಅಲುಗಿಸಿದ್ರೆ ಪುಟ ತಿರುಗ್ತಿತ್ತು. ಐಫೋನ್ ಬಂದಿದ್ದು 2007ರಲ್ಲಿ. ಸ್ಪೆಕ್ ಪಟ್ಟಿಯಲ್ಲಿ ಮೆಗಾಹರ್ಟ್ಸ್ ಹುಡುಕೋರು ಆ ಸಾಲನ್ನ ಗಮನಿಸಿದ್ರೋ ಇಲ್ವೋ!

ಯಾರ ಮನೆ ಬೀರುವಿನಲ್ಲಾದ್ರೂ ಸಿಂಪ್ಯೂಟರ್ ಬಿದ್ದಿದ್ರೆ ಫೋಟೋ ಕಳಿಸ್ರಿ, ಮುಂದಿನ ಭಾಗದಲ್ಲಿ ಹಾಕ್ತೀನಿ.

#ಸಿಂಪ್ಯೂಟರ್ #ದಾವಣಗೆರೆ #ಹರಿಹರ #ಕಂಪ್ಯೂಟರ್‌ಇತಿಹಾಸ