ನೋಡಿದವನು ಬದುಕಿ ಬಂದ, ಪದಕವೂ ಬಂತು

ನಮ್ಮ ನ್ಯೂಸ್ ರೂಮ್‌ನಲ್ಲಿ ದಿನಕ್ಕೆ ನೂರು ಸಲ ಕೇಳಿಬರೋ ಪ್ರಶ್ನೆ ಒಂದೇ. ‘ವಿಷುಯಲ್ಸ್ ಇದೆಯಾ?’ ಇದ್ರೆ ಅದು ಸುದ್ದಿ. ಇಲ್ಲದಿದ್ರೆ ಪರದೆಯ ಕೆಳಗೆ ಓಡಿಹೋಗೋ ಒಂದು ಸಾಲು, ಅಷ್ಟೇ. ನಾನೂ ಈ ಪ್ರಶ್ನೆಯನ್ನ ಸಾವಿರ ಸಲ ಕೇಳಿದ್ದೀನಿ. ಇವತ್ತು ಹೇಳೋ ಕಥೆಗೆ ವಿಷುಯಲ್ಸ್ ಇಲ್ಲ ವೀಕ್ಷಕರೇ. ಇದ್ದದ್ದು ಒಬ್ಬ ಮನುಷ್ಯನ ಎರಡು ಕಣ್ಣು ಮಾತ್ರ.

1944ರ ಜೂನ್ 12ರ ರಾತ್ರಿ. ಮಿತ್ರ ಪಡೆಗಳು ನಾರ್ಮಂಡಿ ತೀರದಲ್ಲಿ ಇಳಿದು ಆರು ದಿನ ಆಗಿತ್ತು. ಜರ್ಮನ್ನರು ಅಲ್ಲಿಗೆ ರೈಲಿನಲ್ಲಿ ಸೈನ್ಯ ಸಾಗಿಸದಂತೆ ತಡೀಬೇಕು. ಅದಕ್ಕೆ ಫ್ರಾನ್ಸ್‌ನ ಕ್ಯಾಂಬ್ರೆ ಪಟ್ಟಣದ ರೈಲ್ವೆ ಯಾರ್ಡ್ ಮೇಲೆ ಬಾಂಬ್ ಹಾಕೋ ಆದೇಶ ಬಂತು. ಇಂಗ್ಲೆಂಡಿನ ಮಿಡಲ್‌ಟನ್ ಸೇಂಟ್ ಜಾರ್ಜ್ ನೆಲೆಯಿಂದ ಕೆನಡಾ ವಾಯುಪಡೆಯ 419ನೇ ಸ್ಕ್ವಾಡ್ರನ್ನಿನ ವಿಮಾನಗಳು ಹಾರಿದವು. ಅದರಲ್ಲೊಂದು ಲ್ಯಾಂಕಾಸ್ಟರ್ ಬಾಂಬರ್, ನಂಬರ್ ಕೆಬಿ 726. ಒಳಗೆ ಏಳು ಜನ. ಪೈಲಟ್ ಆರ್ಟ್ ಡಿ ಬ್ರೇನ್. ಅವನ ಜೊತೆ ಫ್ಲೈಟ್ ಇಂಜಿನಿಯರ್, ದಾರಿ ಲೆಕ್ಕ ಹಾಕೋ ನ್ಯಾವಿಗೇಟರ್, ಬಾಂಬ್ ಗುರಿ ಹಿಡಿಯೋನು, ವೈರ್‌ಲೆಸ್ ಆಪರೇಟರ್. ವಿಮಾನದ ಬೆನ್ನ ಮೇಲಿನ ಗಾಜಿನ ಗೂಡಿನಲ್ಲಿ ಗನ್ನರ್ ಆಂಡ್ರ್ಯೂ ಮೈನಾರ್ಸ್ಕಿ. ಕಟ್ಟಕಡೆಗೆ, ಬಾಲದ ತುದಿಯ ಗೂಡಿನಲ್ಲಿ ಒಬ್ಬನೇ ಕೂತ ಪ್ಯಾಟ್ ಬ್ರೋಫಿ.

ಮೈನಾರ್ಸ್ಕಿ ಯಾರು? ವಿನ್ನಿಪೆಗ್ ನಗರದ ಹುಡುಗ. ಪೋಲೆಂಡಿನಿಂದ ವಲಸೆ ಬಂದವರ ಮಗ. ಅಪ್ಪ ಸತ್ತ ಮೇಲೆ ಚರ್ಮದ ಕೆಲಸ ಮಾಡಿ ಮನೆ ನಡೆಸಿದವನು. ವಯಸ್ಸು 27. ಅವನಿಗೂ ಬ್ರೋಫಿಗೂ ಗಳಸ್ಯ ಕಂಠಸ್ಯ. ಬ್ರೋಫಿ ಹುದ್ದೆಯಲ್ಲಿ ಮೇಲಿನವನು. ಹಾಗಾಗಿ ರಾತ್ರಿ ಬೀಳ್ಕೊಡುವಾಗ ಮೈನಾರ್ಸ್ಕಿ ತಮಾಷೆಗೆ ಅಟೆನ್ಷನ್‌ನಲ್ಲಿ ನಿಂತು ಸೆಲ್ಯೂಟ್ ಹೊಡೆದು ‘ಗುಡ್ ನೈಟ್, ಸರ್’ ಅಂತಿದ್ದನಂತೆ. ಈ ತಮಾಷೆಯನ್ನ ನೆನಪಿಟ್ಟುಕೊಳ್ಳಿ.

ಮಧ್ಯರಾತ್ರಿ ದಾಟಿತ್ತು. ಜರ್ಮನಿಯ ಜಂಕರ್ಸ್ 88 ಫೈಟರ್ ಕತ್ತಲಲ್ಲಿ ಬಂದು ಹೊಡೆಯಿತು. ಎಡಗಡೆಯ ಎರಡೂ ಇಂಜಿನ್ ಹೋದವು. ರೆಕ್ಕೆಗೆ ಬೆಂಕಿ. ವಿಮಾನದ ಒಳಗೂ, ಇಬ್ಬರು ಗನ್ನರ್‌ಗಳ ನಡುವೆ ಬೆಂಕಿ. ಪೈಲಟ್ ಎಲ್ಲರಿಗೂ ಜಿಗಿಯಲು ಹೇಳಿದ.

ಇಲ್ಲಿ ನನ್ನೊಳಗಿನ ಇಂಜಿನಿಯರ್ ಸುಮ್ಮನಿರಲ್ಲ. ಹೈಡ್ರಾಲಿಕ್ಸ್ ಪೇಪರ್ ಬರೆದು ಪಾಸಾದವನು ನಾನು. ಜೆಸಿಬಿಯ ಕೈ ಹೇಗೆ ಮೇಲೇಳುತ್ತೆ? ಇಂಜಿನ್ ಪಂಪನ್ನ ತಿರುಗಿಸುತ್ತೆ, ಪಂಪ್ ಎಣ್ಣೆಯನ್ನ ಒತ್ತಡದಲ್ಲಿ ತಳ್ಳುತ್ತೆ, ಆ ಒತ್ತಡ ಕೈ ಎತ್ತುತ್ತೆ. ಲ್ಯಾಂಕಾಸ್ಟರ್‌ನ ಬಾಲದ ಗೂಡು ತಿರುಗ್ತಿದ್ದದ್ದೂ ಹೀಗೇ. ಅದರ ಪಂಪ್ ಇದ್ದದ್ದು ಎಡಗಡೆಯ ಹೊರ ಇಂಜಿನ್‌ನಲ್ಲಿ. ಆ ಇಂಜಿನ್ ಸತ್ತರೆ ಗೂಡೂ ಸತ್ತಂತೆ. ಬ್ರೋಫಿ ಹೊರಗೆ ಬೀಳಬೇಕಾದರೆ ಗೂಡನ್ನ ಪಕ್ಕಕ್ಕೆ ತಿರುಗಿಸಲೇಬೇಕು. ಅದು ಅರ್ಧದಲ್ಲೇ ನಿಂತುಬಿಟ್ಟಿತು. ಕೈಯಿಂದ ತಿರುಗಿಸೋ ಹಿಡಿಕೆ ಇತ್ತು, ಅದೂ ಮುರಿದು ಕೈಗೆ ಬಂತು. ಒಂದು ಪಂಪ್, ಒಂದು ಹಿಡಿಕೆ. ಮನುಷ್ಯ ಡಬ್ಬಿಯೊಳಗೆ ಸಿಕ್ಕಿಕೊಂಡ.

ಮೈನಾರ್ಸ್ಕಿ ಅಷ್ಟರಲ್ಲಿ ತನ್ನ ಗೂಡಿನಿಂದ ಇಳಿದು ಬಾಗಿಲ ಹತ್ತಿರ ಬಂದಿದ್ದ. ಪ್ಯಾರಾಚೂಟ್ ಕಟ್ಟಿಕೊಂಡಿದ್ದ. ಒಂದು ಹೆಜ್ಜೆ ಇಟ್ಟಿದ್ರೆ ಹೊರಗೆ. ಆಗ ತಿರುಗಿ ನೋಡಿದ, ಗಾಜಿನ ಹಿಂದೆ ಗೆಳೆಯ. ಉರಿಯೋ ಎಣ್ಣೆಯ ನಡುವೆ ತೆವಳಿಕೊಂಡು ಹೋದ. ಕೊಡಲಿ ಹಿಡಿದು ಗೂಡಿಗೆ ಹೊಡೆದ. ಬರಿಗೈಯಲ್ಲಿ ಎಳೆದ. ಅಲುಗಲಿಲ್ಲ. ಅವನ ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತ್ತು. ಒಳಗಿಂದ ಬ್ರೋಫಿ ಕೈಬೀಸಿದ, ನೀನು ಹೋಗು ಅಂತ.

ಮೈನಾರ್ಸ್ಕಿ ಗೆಳೆಯನಿಗೆ ಬೆನ್ನು ತೋರಿಸಲಿಲ್ಲ. ಬೆಂಕಿಯ ನಡುವೆ ಹಿಂದಕ್ಕೇ ತೆವಳುತ್ತಾ ಬಾಗಿಲಿಗೆ ಬಂದ. ಉರಿಯುತ್ತಲೇ ನೆಟ್ಟಗೆ ನಿಂತ. ಸೆಲ್ಯೂಟ್ ಹೊಡೆದ. ತುಟಿ ಅಲುಗಿತು. ಏನಂದ ಅಂತ ಬ್ರೋಫಿಗೆ ಕೇಳಿಸಲಿಲ್ಲ, ಆದ್ರೆ ಗೊತ್ತಾಯ್ತು. ಅದೇ ಹಳೇ ತಮಾಷೆ. ಆಮೇಲೆ ಜಿಗಿದ. ಪ್ಯಾರಾಚೂಟ್ ಸುಟ್ಟಿತ್ತು. ಕೆಳಗೆ ಫ್ರೆಂಚ್ ಜನರಿಗೆ ಸಿಕ್ಕಾಗ ಜೀವ ಇತ್ತು. ಸುಟ್ಟ ಗಾಯಗಳಿಂದ ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡ.

ಬ್ರೋಫಿ? ಪೈಲಟ್ ಇಲ್ಲದ ವಿಮಾನದ ಜೊತೆಯಲ್ಲೇ ನೆಲಕ್ಕೆ ಬಿದ್ದ. ಬಿದ್ದ ಏಟಿಗೆ ಗೂಡು ತೆರೆದುಕೊಂಡು ಅವನನ್ನ ಹೊರಗೆ ಎಸೆಯಿತು. ಬದುಕಿದ! ಫ್ರೆಂಚ್ ಜನ ಬಚ್ಚಿಟ್ಟರು, ಕೊನೆಗೆ ಇಂಗ್ಲೆಂಡ್ ಸೇರಿದ. ಏಳು ಜನರಲ್ಲಿ ಆರು ಜನ ಉಳಿದರು. ಸತ್ತವನು ಒಬ್ಬನೇ, ಉಳಿಸೋಕೆ ಹೋದವನು.

ಈಗ ಪದಕದ ವಿಷಯ. ಯುದ್ಧ ಮುಗಿದ ಮೇಲೆ ಬ್ರೋಫಿ ತಾನು ಕಂಡದ್ದನ್ನ ಪೈಲಟ್ ಡಿ ಬ್ರೇನ್‌ಗೆ ಹೇಳಿದ. ಅಲ್ಲಿಯವರೆಗೆ ಆ ರಾತ್ರಿ ಹಿಂದುಗಡೆ ಏನಾಯ್ತು ಅಂತ ಪೈಲಟ್‌ಗೇ ಗೊತ್ತಿರಲಿಲ್ಲ. ಅವನು ಅಧಿಕಾರಿಗಳ ಹಿಂದೆ ಬಿದ್ದ. 1946ರ ಅಕ್ಟೋಬರ್ 11ರಂದು ಮೈನಾರ್ಸ್ಕಿಗೆ ವಿಕ್ಟೋರಿಯಾ ಕ್ರಾಸ್ ಘೋಷಣೆ ಆಯ್ತು. ಬ್ರಿಟಿಷ್ ಸಾಮ್ರಾಜ್ಯದ ಅತಿ ದೊಡ್ಡ ಶೌರ್ಯ ಪದಕ. ಅದನ್ನ ಸ್ವೀಕರಿಸಿದ್ದು ಅವನ ತಾಯಿ.

ಇದೊಂದೇ ಅಲ್ಲ. 1944ರ ಏಪ್ರಿಲ್ 26ರ ರಾತ್ರಿ, ಜರ್ಮನಿಯ ಶ್ವೈನ್‌ಫರ್ಟ್ ಮೇಲೆ ಇನ್ನೊಂದು ಲ್ಯಾಂಕಾಸ್ಟರ್‌ನ ರೆಕ್ಕೆಗೆ ಬೆಂಕಿ ಬಿತ್ತು. ಫ್ಲೈಟ್ ಇಂಜಿನಿಯರ್ ನಾರ್ಮನ್ ಜಾಕ್ಸನ್ ಬೆಂಕಿ ಆರಿಸೋ ಸಿಲಿಂಡರ್ ಸಿಕ್ಕಿಸಿಕೊಂಡು ಹಾರುತ್ತಿದ್ದ ವಿಮಾನದ ಹೊರಗೆ ಹತ್ತಿದ. ವೇಗ ಗಂಟೆಗೆ 300 ಕಿಲೋಮೀಟರ್‌ಗೂ ಹೆಚ್ಚು! ಅವನ ಪ್ಯಾರಾಚೂಟ್ ಒಳಗೇ ಬಿಚ್ಚಿಕೊಂಡಿತ್ತು. ಸಂಗಾತಿಗಳು ಅದರ ಹಗ್ಗ ಹಿಡಿದು ನಿಂತರು. ಬೆಂಕಿ ಆರಲಿಲ್ಲ. ಸುಟ್ಟ ಕೈಯಲ್ಲಿ ಕೆಳಗೆ ಬಿದ್ದು ಸೆರೆಯಾದ. ಹಗ್ಗ ಹಿಡಿದವರಲ್ಲಿ ಬದುಕಿ ಉಳಿದವರು ಸೆರೆಯಿಂದ ಬಂದು ಹೇಳಿದ ಮೇಲೇ, 1945ರಲ್ಲಿ, ಅವನಿಗೂ ವಿಕ್ಟೋರಿಯಾ ಕ್ರಾಸ್ ಸಿಕ್ಕಿದ್ದು.

ಅದೇ ದಿನ ಅರಮನೆಯಲ್ಲಿ ಅದೇ ಪದಕ ಪಡೆಯೋಕೆ ಬಂದಿದ್ದ ಇನ್ನೊಬ್ಬ, ಲೆನರ್ಡ್ ಚೆಶೈರ್. ನೂರು ಸಲ ದಾಳಿಗೆ ಹಾರಿದ ದೊಡ್ಡ ಅಧಿಕಾರಿ. ಮೊದಲು ಜಾಕ್ಸನ್‌ಗೆ ಕೊಡಿ, ನನಗಿಂತ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡವನು ಅವನು ಅಂತ ರಾಜನಿಗೇ ಹೇಳಿದನಂತೆ. ಮುಂದೆ ಈತನೇ ಅಂಗವಿಕಲರಿಗಾಗಿ ಚೆಶೈರ್ ಹೋಮ್‌ಗಳನ್ನ ಕಟ್ಟಿದ್ದು. ನಮ್ಮ ಬೆಂಗಳೂರಿನಲ್ಲೂ ಒಂದಿದೆ.

ಒಂದು ವಿಷಯ ಗಮನಿಸಿದ್ರಾ? ಮೈನಾರ್ಸ್ಕಿ ಗೆಳೆಯನನ್ನ ಬಿಡಿಸಲಿಲ್ಲ. ಜಾಕ್ಸನ್ ಬೆಂಕಿ ಆರಿಸಲಿಲ್ಲ. ಇಬ್ಬರ ಕೆಲಸವೂ ಫೇಲ್. ಆದರೂ ಅತಿ ದೊಡ್ಡ ಪದಕ. ಯಾಕಂದ್ರೆ ಅಲ್ಲಿ ಅಳೆದದ್ದು ಫಲಿತಾಂಶವನ್ನಲ್ಲ. ಇದು ನನಗೆ ತುಂಬಾ ಇಷ್ಟವಾಗೋ ಮಾತು.

ಆದ್ರೆ ನಿದ್ದೆಗೆಡಿಸೋ ಮಾತೂ ಇದೆ. ಆ ಕಾಲದ ನಿಯಮ ನೋಡಿ. ಒಂದೇ ವಿಮಾನ, ಒಂದೇ ರಾತ್ರಿ, ಒಂದೇ ಬೆಂಕಿ. ಆದ್ರೂ ಅಧಿಕಾರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್, ಸಾರ್ಜೆಂಟ್‌ಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಮೆಡಲ್. ಹುದ್ದೆ ನೋಡಿ ಲೋಹ! ಸತ್ತವರಿಗೆ ಇವೆರಡೂ ಇಲ್ಲ. ಅಂಥ ಸಾಹಸಕ್ಕೆ ಸತ್ತವನ ಪಾಲಿಗೆ ಇದ್ದದ್ದು ವಿಕ್ಟೋರಿಯಾ ಕ್ರಾಸ್, ಇಲ್ಲವೇ ವರದಿಯಲ್ಲಿ ಹೆಸರಿನ ಉಲ್ಲೇಖ. ಆ ಕ್ರಾಸ್‌ಗೆ ಸಾಕ್ಷಿ ಬೇಕು.

ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000. ಸತ್ತವರು 55,573. ನೂರಕ್ಕೆ 44 ಜನ. ಎಷ್ಟೋ ವಿಮಾನಗಳಲ್ಲಿ ಏಳಕ್ಕೆ ಏಳೂ ಜನ ಹೋದರು. ಲಂಡನ್ ಹತ್ತಿರದ ರನ್ನಿಮೀಡ್ ಸ್ಮಾರಕದಲ್ಲಿ ಸಮಾಧಿಯೂ ಸಿಗದ 20 ಸಾವಿರಕ್ಕೂ ಹೆಚ್ಚು ವಾಯುಯೋಧರ ಹೆಸರು ಕೆತ್ತಿದ್ದಾರೆ. ಅವರಲ್ಲಿ ಎಷ್ಟು ಜನ ಬಾಗಿಲ ತನಕ ಹೋಗಿ ಗೆಳೆಯನಿಗಾಗಿ ತಿರುಗಿ ಬಂದರೋ? ನೋಡಿದವನೂ ಜೊತೆಗೇ ಸತ್ತ. ಹೇಳೋರು ಯಾರು?

ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಇದೇ ಬಾಂಬರ್‌ಗಳು ಹ್ಯಾಂಬರ್ಗ್, ಡ್ರೆಸ್ಡೆನ್ ನಗರಗಳನ್ನ ಸುಟ್ಟವು. ಹೆಂಗಸರು, ಮಕ್ಕಳು ಸೇರಿ ಸಾವಿರಾರು ಜನ ಸತ್ತರು. ಆ ಮುಜುಗರ ಬ್ರಿಟನ್ನನ್ನ ಬಹುಕಾಲ ಕಾಡಿತು. ಈ ಯೋಧರಿಗೆ ಲಂಡನ್ನಿನಲ್ಲಿ ಸ್ಮಾರಕ ಆದದ್ದು 2012ರಲ್ಲಿ. ಬಾಂಬರ್ ಕಮಾಂಡ್ ಹೆಸರಿನ ಸಣ್ಣ ಲೋಹದ ಪಟ್ಟಿ ಕೊಟ್ಟದ್ದು 2013ರಲ್ಲಿ. ಅಷ್ಟೊತ್ತಿಗೆ ಉಳಿದಿದ್ದವರೆಲ್ಲ ಮುದುಕರಾಗಿದ್ದರು. ಮೇಲೆ ಬೆಂಕಿಯಲ್ಲಿ ನಿಂತವನ ಧೈರ್ಯ ನಿಜ, ಕೆಳಗೆ ಬೆಂದ ಮಗುವಿನ ನೋವೂ ನಿಜ. ಒಂದನ್ನ ಹೇಳೋಕೆ ಇನ್ನೊಂದನ್ನ ಅಳಿಸಬೇಕಿಲ್ಲ.

ಜಗತ್ತಿನಲ್ಲಿ ಇವತ್ತು ಹಾರೋ ಸ್ಥಿತಿಯಲ್ಲಿ ಉಳಿದಿರೋ ಲ್ಯಾಂಕಾಸ್ಟರ್‌ಗಳು ಎರಡೇ. ಒಂದು ಕೆನಡಾದ ಹ್ಯಾಮಿಲ್ಟನ್‌ನಲ್ಲಿದೆ. ಅದಕ್ಕೆ ಮೈನಾರ್ಸ್ಕಿಯ ವಿಮಾನದ ಗುರುತುಗಳನ್ನೇ ಬರೆದಿದ್ದಾರೆ. ಅವನು ಮಾತ್ರ ಫ್ರಾನ್ಸ್‌ನ ಮೆಅರಿಕೂರ್ ಅನ್ನೋ ಹಳ್ಳಿಯಲ್ಲಿ ಮಲಗಿದ್ದಾನೆ.

ಬ್ರೋಫಿ 1991ರವರೆಗೂ ಬದುಕಿದ. ತಾನು ಕಂಡದ್ದನ್ನ ಹೇಳುತ್ತಲೇ ಇದ್ದ. ಅವನು ಆ ರಾತ್ರಿ ಸತ್ತಿದ್ರೆ? ಮೈನಾರ್ಸ್ಕಿ ಅಷ್ಟೇ ಧೈರ್ಯ ಮಾಡಿರ್ತಿದ್ದ, ಅಷ್ಟೇ ಸುಟ್ಟಿರ್ತಿದ್ದ. ನಾವು ಮಾತ್ರ ಅವನ ಹೆಸರು ಕೇಳ್ತಿರಲಿಲ್ಲ. ನಾಳೆ ಬೆಳಿಗ್ಗೆ ಡೆಸ್ಕ್‌ನಲ್ಲಿ ಮತ್ತೆ ಅದೇ ಪ್ರಶ್ನೆ ಕೇಳ್ತೀನಿ, ಅದು ನನ್ನ ಕೆಲಸ. ಆದ್ರೆ ‘ಇಲ್ಲ’ ಅಂತ ಉತ್ತರ ಬಂದ ತಕ್ಷಣ ಫೋನ್ ಇಡಲ್ಲ. ‘ನೋಡಿದವರು ಯಾರಾದ್ರೂ ಇದ್ದಾರಾ?’ ಅಂತ ಇನ್ನೊಂದು ಸಲ ಕೇಳ್ತೀನಿ.